ಕೋಡ್ ಬರೆಯುವವರು, ಕೋಡ್ ಒಪ್ಪುವವರು: ಓಪನ್ ಸೋರ್ಸ್‌ನಲ್ಲಿ ಮಹಿಳೆಯರ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಓಪನ್ ಸೋರ್ಸ್ ಯೋಜನೆಗಳಲ್ಲಿ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಮುಕ್ತ ತಂತ್ರಾಂಶಗಳಲ್ಲಿ) ಮಹಿಳೆಯರಿಗೆ ಸಿಗುವ ಜಾಗದ ಕುರಿತಾಗಿದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಓಪನ್ ಸೋರ್ಸ್‌ನಲ್ಲಿ ಕೋಡ್ ಮಾತ್ರ ನೋಡುತ್ತಾರೆ, ಬರೆದವರು ಗಂಡೋ ಹೆಣ್ಣೋ ಯಾರಿಗೂ ಬೇಕಿಲ್ಲ ಅಂತ ನಮ್ಮ ಸೀನಿಯರ್‌ಗಳು ಹೇಳುತ್ತಾರೆ. ಹಾಗಿದ್ದರೆ ಡೆಬಿಯನ್ ಎಂಬ ಲಿನಕ್ಸ್ ಯೋಜನೆಯ ಡೆಬಿಯನ್ ವಿಮೆನ್, ಪೈಥಾನ್ ಭಾಷೆಯ ಪೈಲೇಡೀಸ್ ಥರದ ಬೇರೆ ಗುಂಪುಗಳು ಯಾಕೆ ಬೇಕು?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಹಾಗೆ ಆಗಬೇಕು ಎಂಬುದು ಎಲ್ಲರ ಆಸೆ. ಆಗಿದೆಯೇ ಎಂಬುದಕ್ಕೆ ಅಂಕಿಅಂಶಗಳಿವೆ. ಯುರೋಪಿಯನ್ ಒಕ್ಕೂಟದ ನೆರವಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಫ್ಲಾಸ್‌ಪೋಲ್ಸ್ ಅಧ್ಯಯನದ ಪ್ರಕಾರ ಮುಕ್ತ ತಂತ್ರಾಂಶ ಸಮುದಾಯದಲ್ಲಿ ಮಹಿಳೆಯರು ಸುಮಾರು ಶೇ 1.5. ಅದೇ ಹೊತ್ತಿಗೆ ಕಂಪನಿಗಳ ಖಾಸಗಿ ತಂತ್ರಾಂಶ ಕ್ಷೇತ್ರದಲ್ಲಿ ಅವರು ಸುಮಾರು ಶೇ 28ರಷ್ಟಿದ್ದರು. ಕೋಡ್ ಬರೆಯಬಲ್ಲ ಹೆಂಗಸರು ಇದ್ದರು, ಸಂಬಳದ ಕೆಲಸಕ್ಕೆ ಹೋಗುತ್ತಿದ್ದರು, ಆದರೆ ಎಲ್ಲರಿಗೂ ತೆರೆದಿದೆ ಎನ್ನುವ ಈ ಜಾಗಕ್ಕೆ ಬರುತ್ತಿರಲಿಲ್ಲ. ಹನ್ನೊಂದು ವರ್ಷದ ಮೇಲೆ, 2017ರಲ್ಲಿ, ಯೋಜನೆಗಳು ತಮ್ಮ ಕೋಡ್ ಇಡುವ ಜಾಲತಾಣ ಗಿಟ್‌ಹಬ್ ನಡೆಸಿದ ಸಮೀಕ್ಷೆಯಲ್ಲೂ ಉತ್ತರಿಸಿದವರಲ್ಲಿ ಶೇ 95 ಗಂಡಸರು, ಶೇ 3 ಹೆಂಗಸರು.

'ಕೋಡ್ ಮಾತ್ರ ನೋಡುತ್ತಾರೆ' ಎಂಬ ಮಾತನ್ನೇ ನೇರವಾಗಿ ಪರೀಕ್ಷಿಸಿದ ಅಧ್ಯಯನವೂ ಅದೇ 2017ರಲ್ಲಿ ಪ್ರಕಟವಾಯಿತು. ಅದು ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ 'ನನ್ನ ತಿದ್ದುಪಡಿ ಸೇರಿಸಿಕೊಳ್ಳಿ' ಎಂಬ ಕೋರಿಕೆಗಳನ್ನು ದೊಡ್ಡ ಪ್ರಮಾಣದಲ್ಲಿ ಎಣಿಸಿತು. ಒಟ್ಟಾರೆ ನೋಡಿದರೆ ಹೆಂಗಸರ ಕೋಡ್ ಶೇ 78.7ರಷ್ಟು ಸಲ, ಗಂಡಸರದು ಶೇ 74.6ರಷ್ಟು ಸಲ ಸ್ವೀಕಾರವಾಗಿತ್ತು. ಇಷ್ಟೇ ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಯೋಜನೆಗೆ ಹೊರಗಿನವರಾದ, ಪರಿಚಯವಿಲ್ಲದ ಹೆಂಗಸರನ್ನು ಬೇರೆ ತೆಗೆದು ನೋಡಿದಾಗ, ಪ್ರೊಫೈಲ್‌ನಿಂದ ಹೆಣ್ಣೆಂದು ಗೊತ್ತಾಗದಿದ್ದರೆ ಶೇ 71.8, ಗೊತ್ತಾದರೆ ಶೇ 62.5. ಗಂಡಸರೆಂದು ಗೊತ್ತಾದಾಗಲೂ ಇಳಿಕೆಯಿತ್ತು, ಆದರೆ ಇಷ್ಟಿರಲಿಲ್ಲ. ಒಳಗಿನವರಾದ ಮೇಲೆ ಕೆಲಸ ಮಾತಾಡುತ್ತದೆ. ತೊಡಕು ಇರುವುದು ಮೊದಲ ಪ್ಯಾಚ್‌ನಿಂದ (ಕೋಡ್‌ಗೆ ಕಳಿಸುವ ತಿದ್ದುಪಡಿಯಿಂದ) ಹತ್ತನೆಯ ಪ್ಯಾಚ್‌ವರೆಗಿನ ದಾರಿಯಲ್ಲಿ. ಗುಂಪುಗಳು ಬೇಕಾಗುವುದೂ ಅಲ್ಲೇ.

ಇದಕ್ಕೆ ಒಳ್ಳೆಯ ಉದಾಹರಣೆ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್ ಯೋಜನೆ. ವಿದ್ಯಾರ್ಥಿಗಳಿಗೆ ಭತ್ಯೆ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುತ್ತಿದ್ದ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ, 2006ರಲ್ಲಿ ಆ ಯೋಜನೆಗೆ 181 ಅರ್ಜಿ ಬಂದವು, ಒಂದೂ ಹೆಣ್ಣುಮಕ್ಕಳದಲ್ಲ. ಅದೇ ವರ್ಷ ಹೆಣ್ಣುಮಕ್ಕಳನ್ನೇ ಹೆಸರಿಸಿ ಕರೆದ ಬೇಸಿಗೆ ಕಾರ್ಯಕ್ರಮ ಮಾಡಿದಾಗ ನೂರು ಅರ್ಜಿ ಬಂದವು. ಆರು ಮಂದಿಯನ್ನು ತೆಗೆದುಕೊಂಡರು. ತಾಂತ್ರಿಕ ಮಟ್ಟವನ್ನು ಯಾರೂ ಇಳಿಸಿರಲಿಲ್ಲ. ಬದಲಾದದ್ದು ಕರೆದ ರೀತಿ.

ಇನ್ನೊಂದು ಕಾರಣವನ್ನು ನಮ್ಮ ಮನೆಗಳಲ್ಲೇ ನೋಡಬಹುದು. ಓಪನ್ ಸೋರ್ಸ್ ಕೆಲಸ ಬಹುತೇಕ ಬಿಡುವಿನ ವೇಳೆಯಲ್ಲಿ ನಡೆಯುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ 299 ನಿಮಿಷ, ಗಂಡಸರು ಕೊಡುವುದು 97 ನಿಮಿಷ. ಈ 202 ನಿಮಿಷದ ಅಂತರವನ್ನು ಲೆಕ್ಕಕ್ಕೆ ಹಿಡಿಯದೆ 'ಆಸಕ್ತಿ ಇರುವವರು ಬರುತ್ತಾರೆ' ಎನ್ನುವುದು ಅನ್ಯಾಯ.

ಮದುವೆಯಾದ ಮೇಲೆ ಹೆಸರು ಬದಲಾಯಿತು. ಹಳೆಯ ಕಮಿಟ್‌ಗಳೆಲ್ಲ ಹಳೆಯ ಹೆಸರು ಮತ್ತು ಕಾಲೇಜಿನ ಇಮೇಲ್‌ನಲ್ಲಿವೆ. ಜತೆಗೆ ನನ್ನ ಇಮೇಲ್ ಎಲ್ಲರಿಗೂ ಕಾಣುವುದರಿಂದ ಬೇಡದ ಸಂದೇಶಗಳು ಬರುತ್ತವೆ. ನಿಜವಾದ ಹೆಸರು ಹಾಕಲೇಬೇಕೇ?
— ಸಾಫ್ಟ್‌ವೇರ್ ಇಂಜಿನಿಯರ್, ಮೈಸೂರು

ಮೊದಲು ಇಮೇಲ್. ಕೋಡ್‌ನ ಇತಿಹಾಸ ಕಾಯುವ ಗಿಟ್, ಪ್ರತಿ ಕಮಿಟ್‌ನ (ದಾಖಲಾದ ಒಂದೊಂದು ಬದಲಾವಣೆಯ) ಒಳಗೇ ಹೆಸರು ಮತ್ತು ಇಮೇಲ್ ಬರೆದಿಡುತ್ತದೆ. ಒಮ್ಮೆ ಪುಶ್ ಆದರೆ, ಅಂದರೆ ಜಾಲತಾಣಕ್ಕೆ ಕಳಿಸಿದರೆ, ಅದು ಎಲ್ಲರ ಪ್ರತಿಗಳಿಗೂ ಹೋಗಿಬಿಡುತ್ತದೆ. ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ಸ್ ವಿಭಾಗಕ್ಕೆ ಹೋಗಿ, ಇಮೇಲ್ ಖಾಸಗಿಯಾಗಿಡುವ ಆಯ್ಕೆಯನ್ನು ಆನ್ ಮಾಡಿ. ನಿಮಗೊಂದು ನೋ-ರಿಪ್ಲೈ ವಿಳಾಸ ಸಿಗುತ್ತದೆ. ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಗಿಟ್ ಕಾನ್ಫಿಗ್ ಮೂಲಕ ಯೂಸರ್ ಇಮೇಲ್ ಆಗಿ ಹಾಕಬೇಕು. ಹೆಚ್ಚಿನವರು ಜಾಲತಾಣದಲ್ಲಿ ಆಯ್ಕೆ ಆನ್ ಮಾಡಿ ಈ ಎರಡನೆಯ ಹೆಜ್ಜೆ ಮರೆಯುತ್ತಾರೆ. ಆಗ ಬ್ರೌಸರ್‌ನಲ್ಲಿ ಮಾಡಿದ ತಿದ್ದುಪಡಿಗೆ ಮಾತ್ರ ರಕ್ಷಣೆ ಸಿಗುತ್ತದೆ, ಟರ್ಮಿನಲ್‌ನಿಂದ ಹೋದ ಕಮಿಟ್‌ನಲ್ಲಿ ಸ್ವಂತ ವಿಳಾಸವೇ ಇರುತ್ತದೆ. ಅದೇ ಪುಟದಲ್ಲಿ ಖಾಸಗಿ ಇಮೇಲ್ ಇರುವ ಪುಶ್‌ಗಳನ್ನು ತಡೆಯುವ ಇನ್ನೊಂದು ಆಯ್ಕೆಯಿದೆ, ಅದನ್ನೂ ಆನ್ ಮಾಡಿ. ಮರೆತು ಹಳೆಯ ವಿಳಾಸದಲ್ಲಿ ಕಮಿಟ್ ಮಾಡಿದರೆ ಪುಶ್ ನಿಲ್ಲುತ್ತದೆ.

ಹಳೆಯ ಕಮಿಟ್‌ಗಳನ್ನು ತಿದ್ದಲು ಹೋಗಬೇಡಿ. ಇತಿಹಾಸ ತಿದ್ದಿದರೆ ಅಲ್ಲಿಂದ ಮುಂದಿನ ಪ್ರತಿ ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಬದಲಾಗುತ್ತದೆ, ಯೋಜನೆಯ ಎಲ್ಲರ ಪ್ರತಿಗಳೂ ಕೆಡುತ್ತವೆ. ಯೋಜನೆ ನೋಡಿಕೊಳ್ಳುವ ಯಾವ ಮೇಂಟೇನರ್ ಕೂಡ ಒಪ್ಪುವುದಿಲ್ಲ. ಇದಕ್ಕೆಂದೇ ಮೇಲ್‌ಮ್ಯಾಪ್ ಎಂಬ ಸಣ್ಣ ಫೈಲ್ ಇದೆ. ರೆಪಾಸಿಟರಿಯ (ಯೋಜನೆಯ ಕೋಡ್ ಸಂಗ್ರಹದ) ಮೊದಲ ಹಂತದಲ್ಲೇ, ಹೆಸರಿನ ಮುಂದೆ ಚುಕ್ಕೆ ಇಟ್ಟು ಈ ಫೈಲ್ ಮಾಡಿ, ಒಂದು ಸಾಲಿನಲ್ಲಿ ಹೊಸ ಹೆಸರು, ಕೋನ ಆವರಣದಲ್ಲಿ ಹೊಸ ಇಮೇಲ್, ನಂತರ ಹಳೆಯ ಹೆಸರು, ಕೋನ ಆವರಣದಲ್ಲಿ ಹಳೆಯ ಇಮೇಲ್ ಬರೆಯಬೇಕು. ಈ ಒಂದು ಸಾಲನ್ನೇ ಪುಲ್ ರಿಕ್ವೆಸ್ಟ್ ಆಗಿ ಕಳಿಸಿ. ಗಿಟ್ ಲಾಗ್, ಶಾರ್ಟ್‌ಲಾಗ್, ಬ್ಲೇಮ್ ಎಲ್ಲವೂ ಹೊಸ ಹೆಸರು ತೋರಿಸುತ್ತವೆ. ಆದರೆ ಈ ಫೈಲ್‌ನಲ್ಲಿ ಹಳೆಯ ಹೆಸರು, ಹಳೆಯ ವಿಳಾಸ ಎರಡೂ ಓದಲು ಸಿಗುತ್ತವೆ. ಹಳೆಯ ಗುರುತನ್ನು ಮುಚ್ಚಿಡಬೇಕೆಂದಿದ್ದರೆ ಇದು ಸರಿಯಾದ ದಾರಿಯಲ್ಲ.

ಗಿಟ್‌ಹಬ್ ಪುಟದಲ್ಲಿ ಕಮಿಟ್‌ಗಳು ನಿಮ್ಮ ಖಾತೆಗೆ ಸೇರುವುದು ಇಮೇಲ್‌ನಿಂದ. ಆದ್ದರಿಂದ ಕಾಲೇಜಿನ ವಿಳಾಸವನ್ನು ಖಾತೆಗೆ ಸೇರಿಸಿ ದೃಢಪಡಿಸಿಕೊಳ್ಳಿ, ತೆಗೆಯಬೇಡಿ. ಕಾಲೇಜು ಆ ಇಮೇಲ್ ಮುಚ್ಚಿದ ಮೇಲೆ ದೃಢಪಡಿಸುವ ಕೊಂಡಿ ನಿಮಗೆ ತಲುಪದು, ಹಳೆಯ ಕೆಲಸ ವಾರಸುದಾರರಿಲ್ಲದಂತಾಗುತ್ತದೆ. ಕೊನೆಯ ಸೆಮಿಸ್ಟರ್‌ನಲ್ಲಿರುವವರು ಈ ಕೆಲಸವನ್ನು ಇವತ್ತೇ ಮಾಡಿ.

ಹೆಸರಿನ ವಿಷಯ: ಬಹುತೇಕ ಯೋಜನೆಗಳು ಅಡ್ಡಹೆಸರನ್ನು ಒಪ್ಪುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್ ಮಾತ್ರ, ಕೊಡುಗೆದಾರರು ಸಹಿಯಂತೆ ಹಾಕುವ ಸೈನ್ಡ್-ಆಫ್-ಬೈ ಸಾಲಿನಲ್ಲಿ ನಿಜವಾದ ಹೆಸರೇ ಬೇಕೆಂದು ಬಹುಕಾಲ ಬರೆದಿಟ್ಟಿತ್ತು. 2023ರಲ್ಲಿ ಆ ಮಾತನ್ನು ತೆಗೆದು, ಸಮುದಾಯಕ್ಕೆ ಪರಿಚಿತವಾದ ಗುರುತು ಇದ್ದರೆ ಸಾಕು, ಅನಾಮಧೇಯ ಕೊಡುಗೆ ಮಾತ್ರ ಆಗದು ಎಂದು ತಿದ್ದಿತು. ಹೀಗಾಗಿ ಒಂದೇ ಅಡ್ಡಹೆಸರನ್ನು ಎಲ್ಲ ಕಡೆ ಉಳಿಸಿಕೊಂಡರೆ ಅದೇ ನಿಮ್ಮ ಗುರುತಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ನಮ್ಮ ಊರುಗಳ ತಂತ್ರಾಂಶ ಗುಂಪುಗಳು ಹೆಚ್ಚಾಗಿ ವಾಟ್ಸಾಪ್, ಟೆಲಿಗ್ರಾಂಗಳಲ್ಲಿ ನಡೆಯುತ್ತವೆ. ವಾಟ್ಸಾಪ್ ಗುಂಪಿಗೆ ಸೇರಿದರೆ ನಿಮ್ಮ ಫೋನ್ ನಂಬರ್ ಅಲ್ಲಿರುವ ಎಲ್ಲರಿಗೂ ಸಿಗುತ್ತದೆ. ಟೆಲಿಗ್ರಾಂನಲ್ಲಿ ಪ್ರೈವಸಿ ಸೆಟ್ಟಿಂಗ್‌ಗೆ ಹೋಗಿ ನಂಬರ್ ಯಾರಿಗೂ ಕಾಣದಂತೆ ಮಾಡಬಹುದು. ಮ್ಯಾಟ್ರಿಕ್ಸ್ ಎಂಬ ಮುಕ್ತ ಚಾಟ್ ಜಾಲದಲ್ಲಿ ನಂಬರ್ ಬೇಕೇ ಇಲ್ಲ.

ಔಟ್‌ರೀಚಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಹೇಗೆ ತಯಾರಾಗಬೇಕು? ಎಲ್ಲಿ ಎಡವುತ್ತಾರೆ?
— ಅಂತಿಮ ವರ್ಷದ ಬಿಸಿಎ ವಿದ್ಯಾರ್ಥಿನಿ, ಧಾರವಾಡ

ಗ್ನೋಮ್‌ನ ಆ 2006ರ ಕಾರ್ಯಕ್ರಮವೇ ಮುಂದೆ ಔಟ್‌ರೀಚಿಯಾಗಿ ಬೆಳೆಯಿತು. 2010ರ ಸುಮಾರಿಗೆ ಮರೀನಾ ಝುರಾಖಿನ್ಸ್‌ಕಾಯಾ ಅದಕ್ಕೆ ಮತ್ತೆ ಜೀವ ಕೊಟ್ಟರು. 2015ರಲ್ಲಿ ಈಗಿನ ಹೆಸರು ಬಂತು, ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಸಂಸ್ಥೆಯ ಆಶ್ರಯವೂ ಸಿಕ್ಕಿತು. ಮನೆಯಿಂದಲೇ ಮಾಡುವ ಮೂರು ತಿಂಗಳ ಕೆಲಸ, ವಾರಕ್ಕೆ 30 ಗಂಟೆ, ಒಟ್ಟು 7,000 ಡಾಲರ್ ಭತ್ಯೆ. ವರ್ಷಕ್ಕೆ ಎರಡು ಸುತ್ತು: ಮೇಯಿಂದ ಆಗಸ್ಟ್, ಡಿಸೆಂಬರ್‌ನಿಂದ ಮಾರ್ಚ್. ನಿಮಗೆ 18 ತುಂಬಿರಬೇಕು, ಹಿಂದೆ ಇದಕ್ಕಾಗಲಿ ಗೂಗಲ್ ಸಮ್ಮರ್ ಆಫ್ ಕೋಡ್‌ಗಾಗಲಿ ಆಯ್ಕೆಯಾಗಿರಬಾರದು.

ಮೊದಲ ಜರಡಿ ಆರಂಭಿಕ ಅರ್ಜಿ. ಇಲ್ಲಿ ಕೋಡ್ ಕೇಳುವುದಿಲ್ಲ. ನಿಮ್ಮ ಸಮಯದ ಲೆಕ್ಕ ಕೇಳುತ್ತಾರೆ, ಜತೆಗೆ ನೀವು ಕಂಡ ತಾರತಮ್ಯ ಮತ್ತು ಕಡಿಮೆ ಪ್ರಾತಿನಿಧ್ಯದ ಬಗ್ಗೆ ಸಣ್ಣ ಪ್ರಬಂಧಗಳನ್ನು ಕೇಳುತ್ತಾರೆ. ಇಲ್ಲೇ ಬಹಳ ಮಂದಿ ಬೀಳುತ್ತಾರೆ. 'ಭಾರತದಲ್ಲಿ ಮಹಿಳೆಯರು ಹಿಂದುಳಿದಿದ್ದಾರೆ' ಎಂದು ಪಾಠಪುಸ್ತಕದ ಸಾಲು ಬರೆದರೆ ಓದುವವರಿಗೆ ನಿಮ್ಮ ಬಗ್ಗೆ ಏನೂ ತಿಳಿಯದು. ನಿಮ್ಮ ತರಗತಿಯಲ್ಲಿ ಎಷ್ಟು ಹುಡುಗಿಯರಿದ್ದಾರೆ, ಲ್ಯಾಬ್‌ನ ಸಮಯ ಹಾಸ್ಟೆಲ್ ಗೇಟ್‌ನ ಸಮಯಕ್ಕೆ ಹೊಂದದೆ ಏನು ಕಳೆದುಕೊಂಡಿರಿ, ಜಾತಿ, ಊರು, ಕನ್ನಡ ಮಾಧ್ಯಮ ಎಂಬ ಕಾರಣಕ್ಕೆ ಯಾವ ಬಾಗಿಲು ಮುಚ್ಚಿತು ಎಂದು ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ಮಾತು ನಿಮ್ಮದಾಗಿರಬೇಕು. ಸಮಯದ ಭಾಗದಲ್ಲಿ ಪರೀಕ್ಷೆ, ಪ್ರಾಜೆಕ್ಟ್, ಬೇರೆ ಇಂಟರ್ನ್‌ಶಿಪ್ ಎಲ್ಲದರ ದಿನಾಂಕಗಳನ್ನೂ ಮುಚ್ಚಿಡದೆ ಕೊಡಿ. ಡಿಸೆಂಬರ್ ಸುತ್ತು ನಮ್ಮ ಸೆಮಿಸ್ಟರ್‌ಗೆ ಡಿಕ್ಕಿ ಹೊಡೆಯುವ ಸಾಧ್ಯತೆ ಹೆಚ್ಚು. ಓದುತ್ತಿರುವವರಿಗೆ ಮೇ ಸುತ್ತು ವಾಸಿ; ಅದರ ಅರ್ಜಿ ವರ್ಷದ ಆರಂಭದಲ್ಲೇ ತೆರೆಯುತ್ತದೆ.

ಆ ಜರಡಿ ದಾಟಿದವರಿಗೆ ಕೆಲವು ವಾರಗಳ ಕೊಡುಗೆ ಅವಧಿ. ಯೋಜನೆಗಳ ಪಟ್ಟಿ ತೆರೆದ ದಿನವೇ ಕೂತು ಓದಿ, ಎರಡನ್ನು ಮಾತ್ರ ಆರಿಸಿಕೊಳ್ಳಿ. ಹೆಸರಾದ ಯೋಜನೆಯಲ್ಲಿ ಒಂದು ಸುಲಭ ಇಶ್ಯೂಗೆ (ಪಟ್ಟಿಮಾಡಿದ ದೋಷ ಅಥವಾ ಕೆಲಸಕ್ಕೆ) ಇಪ್ಪತ್ತು ಜನ ಮುಗಿಬೀಳುತ್ತಾರೆ. ಅಂಥ ಕಡೆ 'ನನಗೆ ಕೊಡಿ' ಎಂದು ಬರೆದು ಕಾಯುತ್ತ ಕೂತರೆ ವಾರವೇ ಹೋಗುತ್ತದೆ. ಅದರ ಬದಲು ಯೋಜನೆಯನ್ನು ನಿಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿ, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸಿ. ಬಿಲ್ಡ್ ಮಾಡುವಾಗ, ವಿಧಾನ ವಿವರಿಸುವ ದಾಖಲೆಯಲ್ಲಿ ಎಲ್ಲೋ ಒಂದು ಹೆಜ್ಜೆ ತಪ್ಪಿರುತ್ತದೆ ಅಥವಾ ಹಳೆಯದಾಗಿರುತ್ತದೆ. ಗಿಟ್‌ಹಬ್‌ನ ಅದೇ ಸಮೀಕ್ಷೆಯಲ್ಲಿ ಶೇ 93 ಜನ ದೂರಿದ್ದು ಅಪೂರ್ಣವಾದ, ಗೊಂದಲದ ದಾಖಲೆಗಳ ಬಗ್ಗೆಯೇ. ಅದನ್ನು ತಿದ್ದಿದ ಪ್ಯಾಚ್ ನಿಮ್ಮ ಮೊದಲನೆಯದಾಗಲಿ, ಎರಡನೆಯದು ಕೋಡ್‌ನದ್ದಾಗಲಿ. ಮೆಂಟರ್‌ಗಳು ನೋಡುವುದು ಎಷ್ಟು ಪ್ಯಾಚ್ ಎಂಬುದಕ್ಕಿಂತ, ರಿವ್ಯೂನಲ್ಲಿ ಹೇಳಿದ್ದನ್ನು ನೀವು ಹೇಗೆ ತಿದ್ದಿದಿರಿ ಎಂಬುದನ್ನು. ಪ್ರಶ್ನೆಯನ್ನು ಮೆಂಟರ್‌ಗೆ ಗುಟ್ಟಾಗಿ ಕಳಿಸಬೇಡಿ, ಯೋಜನೆಯ ಸಾರ್ವಜನಿಕ ಚಾನೆಲ್‌ನಲ್ಲೇ ಕೇಳಿ. ಏನು ಮಾಡಿದಿರಿ, ಏನು ಆಗಬೇಕಿತ್ತು, ಏನಾಯಿತು, ಎರರ್‌ನ ಪೂರ್ತಿ ಪಠ್ಯ: ಇವು ನಾಲ್ಕೂ ಪ್ರಶ್ನೆಯಲ್ಲಿರಲಿ.

ಪ್ಯಾಚ್ ಮರ್ಜ್ ಆದರೆ, ಅಂದರೆ ಯೋಜನೆಯ ಕೋಡ್‌ಗೆ ಸೇರಿದರೆ, ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಪ್ರತಿ ಕೊಡುಗೆಯನ್ನೂ ಔಟ್‌ರೀಚಿ ಜಾಲತಾಣದಲ್ಲಿ ದಾಖಲಿಸಬೇಕು, ನಂತರ ಗಡುವಿನೊಳಗೆ ಅಂತಿಮ ಅರ್ಜಿ ಸಲ್ಲಿಸಬೇಕು. ದಾಖಲಿಸದಿದ್ದರೆ ಒಳ್ಳೆಯ ಕೆಲಸ ಮಾಡಿದವರನ್ನೂ ಆರಿಸಲು ಬರುವುದಿಲ್ಲ.

ಆಯ್ಕೆಯಾದರೆ ಒಪ್ಪಂದದ ಪತ್ರವನ್ನು ಜೋಪಾನ ಮಾಡಿ. ಡಾಲರ್ ಬರುವಾಗ ಬ್ಯಾಂಕಿನವರು ಹಣ ಯಾವ ಉದ್ದೇಶದ್ದು ಎಂದು ಕೇಳುತ್ತಾರೆ. ತೋರಿಸಲು ಅದೇ ಬೇಕು. ಈ ಹಣವನ್ನು ಆದಾಯ ತೆರಿಗೆಯ ರಿಟರ್ನ್‌ನಲ್ಲೂ ತೋರಿಸಬೇಕು.

ಔಟ್‌ರೀಚಿ ಹುಡುಗಿಯರಿಗೆ ಮಾತ್ರವೇ?
— ಬಳ್ಳಾರಿ

ಅಲ್ಲ. 2015ರಿಂದ ಅದರ ವ್ಯಾಪ್ತಿ ಹಿಗ್ಗಿದೆ. ತಮ್ಮ ದೇಶದ ತಂತ್ರಜ್ಞಾನ ಕ್ಷೇತ್ರದಲ್ಲಿ ಪ್ರಾತಿನಿಧ್ಯ ಸಿಗದ, ತಾರತಮ್ಯ ಅನುಭವಿಸಿದ ಯಾರೇ ಆದರೂ ಅರ್ಜಿ ಹಾಕಬಹುದು. ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ 2022ರಿಂದ ವಿದ್ಯಾರ್ಥಿಗಳಿಗಷ್ಟೇ ಸೀಮಿತವಾಗಿಲ್ಲ, ಓಪನ್ ಸೋರ್ಸ್‌ಗೆ ಹೊಸಬರಾದ 18 ತುಂಬಿದವರಿಗೆಲ್ಲ ತೆರೆದಿದೆ.

ನನಗೆ ಕೋಡ್ ಬಾರದು. ಕನ್ನಡಕ್ಕೆ ಅನುವಾದ ಮಾಡಬಲ್ಲೆ. ಅನುವಾದಕರಿಗೂ ಯೋಜನೆಯಲ್ಲಿ ಮಾತಿದೆಯೇ, ಅಥವಾ ಸುಮ್ಮನೆ ದುಡಿಸಿಕೊಳ್ಳುತ್ತಾರೆಯೇ?
— ಕಾಲೇಜು ಉಪನ್ಯಾಸಕಿ, ಶಿವಮೊಗ್ಗ

ಎರಡೂ ಕಡೆ ಉದಾಹರಣೆಗಳಿವೆ, ಆದ್ದರಿಂದ ಸೇರುವ ಮೊದಲು ಯೋಜನೆಯ ನಿಯಮ ಓದಿ. ಡೆಬಿಯನ್ 2010ರಲ್ಲಿ ಮತ ಹಾಕಿ, ಪ್ಯಾಕೇಜ್ ಮಾಡದವರನ್ನೂ (ತಂತ್ರಾಂಶವನ್ನು ಹಂಚಲು ಕಟ್ಟಿಕೊಡುವ ಕೆಲಸ ಮಾಡದವರನ್ನೂ), ಅಂದರೆ ಅನುವಾದಕರು, ದಾಖಲೆ ಬರೆಯುವವರು, ಸಮ್ಮೇಳನ ನಡೆಸುವವರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳಲು ತೀರ್ಮಾನಿಸಿತು. ಅವರಿಗೆ ಅಪ್‌ಲೋಡ್ ಹಕ್ಕಿಲ್ಲ, ಮತದ ಹಕ್ಕು ಇದೆ. ಗ್ನೋಮ್ ಫೌಂಡೇಶನ್ ಕೂಡ ಅನುವಾದವನ್ನು ಸದಸ್ಯತ್ವಕ್ಕೆ ಅರ್ಹ ಕೊಡುಗೆಯೆಂದು ಎಣಿಸುತ್ತದೆ, ಸದಸ್ಯರು ಅದರ ಆಡಳಿತ ಮಂಡಳಿಗೆ ಮತ ಹಾಕುತ್ತಾರೆ.

ಅನುವಾದ ಮಾಡುವ ಜಾಲತಾಣಗಳು: ಗ್ನೋಮ್‌ಗೆ ಡ್ಯಾಮ್ಡ್ ಲೈಸ್, ಮೊಜಿಲ್ಲಾಕ್ಕೆ ಪಾಂಟೂನ್, ಲಿಬ್ರೆ ಆಫೀಸ್‌ಗೆ ವೆಬ್‌ಲೇಟ್, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿ. ಹೊಸಬರು ಹೆಚ್ಚಾಗಿ ಕೆಡಿಸುವುದು ಪರ್ಸೆಂಟ್ ಚಿಹ್ನೆಯ ಜತೆ ಬರುವ ಗುರುತುಗಳನ್ನು. ಪರ್ಸೆಂಟ್ ಎಸ್ (%s) ಇದ್ದ ಕಡೆ ಪ್ರೋಗ್ರಾಂ ಓಡುವಾಗ ಕಡತದ್ದೋ ವ್ಯಕ್ತಿಯದ್ದೋ ಹೆಸರನ್ನು ತಾನೇ ತುಂಬುತ್ತದೆ. ಅದು ಬಿಟ್ಟುಹೋದರೆ ಫೈಲ್ ತಪಾಸಣೆಯಲ್ಲೇ ಬೀಳುತ್ತದೆ. ಒಂದೇ ವಾಕ್ಯದಲ್ಲಿ ಎರಡು ಗುರುತುಗಳಿದ್ದು, ಕನ್ನಡದ ವಾಕ್ಯದಲ್ಲಿ ಅವು ಹಿಂದುಮುಂದಾಗಬೇಕಿದ್ದರೆ, ಪರ್ಸೆಂಟ್ ಚಿಹ್ನೆಯ ನಂತರ ಅಂಕಿ ಮತ್ತು ಡಾಲರ್ ಚಿಹ್ನೆ ಸೇರಿಸಿ ಕ್ರಮ ಸೂಚಿಸಬಹುದು. ಹೆಸರಿಗೆ ವಿಭಕ್ತಿ ಪ್ರತ್ಯಯ ಅಂಟಿಸುವ ಸಾಲುಗಳನ್ನು 'ಎಂಬ ಕಡತವನ್ನು' ಎಂಬಂತೆ ತಿರುಗಿಸಿದರೆ ಯಾವ ಹೆಸರು ಬಂದರೂ ವಾಕ್ಯ ನಿಲ್ಲುತ್ತದೆ.

ಡ್ಯಾಮ್ಡ್ ಲೈಸ್‌ನಲ್ಲಿ ಅನುವಾದಕ, ಪರಿಶೀಲಕ, ಕಮಿಟ್ ಮಾಡುವವರು, ಸಂಯೋಜಕ ಎಂಬ ಹಂತಗಳಿವೆ. ಮೊದಲನೆಯದರಲ್ಲೇ ಉಳಿಯಬೇಡಿ. ಅನುವಾದ, ದಾಖಲೆ, ಅತಿಥಿ ಸತ್ಕಾರದ ಕೆಲಸಗಳಿಗೆ ಹೆಂಗಸರನ್ನು ತಳ್ಳಿ, ಮರ್ಜ್ ಬಟನ್ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಯೋಜನೆಗಳು ಹೇರಳ. ಆರು ತಿಂಗಳು ನಿಯಮಿತವಾಗಿ ಮಾಡಿದ ಮೇಲೆ ಪರಿಶೀಲಕರ ಪಾತ್ರವನ್ನು ಬರಹದಲ್ಲೇ ಕೇಳಿ.

ನಾವು ಬೆಂಗಳೂರಿನಲ್ಲಿ ತಿಂಗಳಿಗೊಂದು ಓಪನ್ ಸೋರ್ಸ್ ಮೀಟಪ್ ನಡೆಸುತ್ತೇವೆ. ಹುಡುಗಿಯರು ಒಮ್ಮೆ ಬರುತ್ತಾರೆ, ಮತ್ತೆ ಬರುವುದಿಲ್ಲ. ನಾವೇನೂ ಕೆಟ್ಟದಾಗಿ ನಡೆದುಕೊಂಡಿಲ್ಲ.
— ಮೀಟಪ್ ಸಂಘಟಕರು

ಕೆಟ್ಟದಾಗಿ ನಡೆದುಕೊಳ್ಳದಿರುವುದು ಕನಿಷ್ಠ ಅಗತ್ಯ. ಒಮ್ಮೆ ಬಂದವರು ಮತ್ತೆ ಬರಲು ಕಾರಣ ಬೇಕು, ಅಡ್ಡಿ ಇರಬಾರದು. ಅಡ್ಡಿಗಳಿಂದ ಆರಂಭಿಸಿ. ಶನಿವಾರ ಸಂಜೆ ಆರಕ್ಕೆ ಶುರುವಾಗಿ ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಮೀಟಪ್‌ಗೆ ಪಿಜಿಯಲ್ಲಿರುವ ಹುಡುಗಿ ಬರಲಾರಳು, ಚಿಕ್ಕ ಮಗುವಿನ ತಾಯಿಯೂ ಬರಲಾರಳು. ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆವರೆಗೆ ಇಡಿ, ಮುಗಿಯುವ ಸಮಯವನ್ನು ಆಹ್ವಾನದಲ್ಲೇ ಬರೆಯಿರಿ, ಬರೆದ ಸಮಯಕ್ಕೆ ಮುಗಿಸಿ. ಮೆಟ್ರೋ ನಿಲ್ದಾಣದಿಂದ ನಡೆದು ಬರುವಷ್ಟು ದೂರದಲ್ಲಿರಲಿ. ರಜಾದಿನ ಕಂಪನಿ ಕಟ್ಟಡದಲ್ಲಿ ಮಹಿಳೆಯರ ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಅದನ್ನು ಹಿಂದಿನ ದಿನವೇ ವಿಚಾರಿಸಿ. ಮಕ್ಕಳನ್ನು ಕರೆತರಬಹುದೇ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಫೋಟೋ ಬೇಡ ಎನ್ನುವವರಿಗೆ ಬೇರೆ ಬಣ್ಣದ ಟ್ಯಾಗ್ ಕೊಡಿ. ತೊಂದರೆಯಾದರೆ ಯಾರನ್ನು ಕರೆಯಬೇಕು ಎಂದು ಇಬ್ಬರ ಹೆಸರು, ನಂಬರ್ ಕೊಡಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ.

ಇನ್ನು ಕಾರಣ. ಕಲಿಯುವ ವ್ಯವಸ್ಥೆಯೇ ಬಲವಾದ ಕಾರಣ. 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ, ಹೆಂಗಸರಿಗೆ ವೆಬ್ ಪ್ರೋಗ್ರಾಮಿಂಗ್ ಕಲಿಸುವ ಜಾಂಗೋ ಗರ್ಲ್ಸ್ ಕಾರ್ಯಾಗಾರಗಳಲ್ಲಿ ಮೂವರಿಗೆ ಒಬ್ಬ ಕೋಚ್ ಇರುತ್ತಾರೆ. ಮೂವರಿದ್ದರೆ ಯಾರ ಯಂತ್ರದಲ್ಲಿ ಪೈಥಾನ್ ಇನ್‌ಸ್ಟಾಲ್ ಆಗಲಿಲ್ಲ ಎಂಬುದು ಕೋಚ್‌ಗೆ ಕಾಣುತ್ತದೆ. ಹತ್ತು ಮಂದಿಯಿದ್ದರೆ ಸುಮ್ಮನೆ ಕೂತವರು ಸುಮ್ಮನೆಯೇ ಮನೆಗೆ ಹೋಗುತ್ತಾರೆ. ಸಹಾಯಕ್ಕೆ ನಿಂತವರು ಕೀಬೋರ್ಡ್ ಕಸಿದುಕೊಂಡು ತಾವೇ ಟೈಪ್ ಮಾಡಬಾರದು. ಇದೊಂದು ನಿಯಮ ಪಾಲಿಸಿದರೂ ದೊಡ್ಡ ವ್ಯತ್ಯಾಸವಾಗುತ್ತದೆ. 1999ರಲ್ಲಿ ಶುರುವಾದ, ಲಿನಕ್ಸ್ ಬಳಸುವ ಮಹಿಳೆಯರ ಲಿನಕ್ಸ್‌ಚಿಕ್ಸ್ ಗುಂಪಿಗೆ ಇದ್ದದ್ದು ಎರಡೇ ನಿಯಮ: ಸೌಜನ್ಯದಿಂದಿರಿ, ಸಹಾಯ ಮಾಡಿ.

ವೇದಿಕೆಗೆ ಹೆಂಗಸರು ಮುಂದೆ ಬರುತ್ತಿಲ್ಲ ಎನ್ನುವವರು ಉತ್ತರ ಅಮೆರಿಕದ ಪೈಥಾನ್ ಸಮ್ಮೇಳನವಾದ ಪೈಕಾನ್ ನೋಡಲಿ. ಅಲ್ಲಿ 2011ರಲ್ಲಿ ಭಾಷಣಕಾರರಲ್ಲಿ ಮಹಿಳೆಯರು ಶೇ 1, 2014ರಲ್ಲಿ ಶೇ 33. ಸಂಘಟಕರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದರು. ನೀವೂ ಆರು ವಾರ ಮೊದಲೇ, 'ನಿಮ್ಮ ಆ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತೀರಾ' ಎಂದು ಕೇಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಗೊತ್ತಿರುವವರನ್ನು ಪೋಸ್ಟ್‌ಗ್ರೆಸ್ ಬಗ್ಗೆ ಮಾತಾಡಿಸಿ. ಬಂದ ಒಬ್ಬಳನ್ನೇ ಪ್ರತಿ ಸಲ 'ತಂತ್ರಜ್ಞಾನದಲ್ಲಿ ಮಹಿಳೆ' ಎಂಬ ವಿಷಯಕ್ಕೆ ನಿಲ್ಲಿಸಬೇಡಿ.

ಕೋಡ್ ರಿವ್ಯೂನಲ್ಲಿ ಒಬ್ಬರು ನನ್ನ ಬಗ್ಗೆ ಹೀನಾಯವಾಗಿ ಬರೆದರು. ಯೋಜನೆಗೆ ಕೋಡ್ ಆಫ್ ಕಂಡಕ್ಟ್ (ನಡವಳಿಕೆಯ ನಿಯಮಾವಳಿ) ಇದೆ. ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ?
— ಮಂಗಳೂರು

ಆಗುವಂತೆ ದೂರು ಕೊಡುವುದು ಹೇಗೆಂದು ಹೇಳುತ್ತೇವೆ. ಮೊದಲು ದಾಖಲೆ. ಆ ಟಿಪ್ಪಣಿಯ ಕೊಂಡಿ, ದಿನಾಂಕ ಮತ್ತು ಪುಟದ ವಿಳಾಸ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ. ಬರೆದವರು ತಿದ್ದಬಹುದು, ಅಳಿಸಬಹುದು. ನಂತರ ಯೋಜನೆಯ ಕೋಡ್ ಆಫ್ ಕಂಡಕ್ಟ್ ಫೈಲ್ ತೆರೆದು ದೂರು ಯಾರಿಗೆ ಹೋಗುತ್ತದೆ ಎಂದು ನೋಡಿ. ಬಹಳಷ್ಟು ಯೋಜನೆಗಳು 2014ರಲ್ಲಿ ಬಂದ ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ಮಾದರಿಯನ್ನು ನಕಲು ಮಾಡಿವೆ. ಆ ಮಾದರಿಯಲ್ಲಿ ಸಂಪರ್ಕ ವಿಳಾಸಕ್ಕೆಂದು ಬಿಟ್ಟ ಖಾಲಿ ಜಾಗವನ್ನು ತುಂಬದೆಯೇ ಎಷ್ಟೋ ಯೋಜನೆಗಳು ಹಾಗೇ ಹಾಕಿಕೊಂಡಿವೆ. ಆ ಜಾಗ ಖಾಲಿಯಿದ್ದರೆ ಜಾರಿ ಮಾಡುವವರೇ ಇಲ್ಲ ಎಂದರ್ಥ. ಆಗ ಯೋಜನೆಯ ಮೇಲಿರುವ ಫೌಂಡೇಶನ್‌ಗೆ ಬರೆಯಿರಿ, ಜಾಲತಾಣದ ರಿಪೋರ್ಟ್ ವ್ಯವಸ್ಥೆಯನ್ನೂ ಬಳಸಿ. ನೀವು ಯಾರ ಮೇಲೆ ದೂರು ಕೊಡುತ್ತೀರೋ ಅವರೇ ಸಮಿತಿಯಲ್ಲಿದ್ದರೆ, ಸಮಿತಿಯ ಬೇರೊಬ್ಬ ಸದಸ್ಯರಿಗೆ ನೇರವಾಗಿ ಬರೆದು ಅವರನ್ನು ಹೊರಗಿಡಲು ಕೇಳಿ.

ದೂರು ಚಿಕ್ಕದಾಗಿರಲಿ. ಏನು ನಡೆಯಿತು, ಎಲ್ಲಿ, ಯಾವಾಗ, ಹಿಂದೆಯೂ ನಡೆದಿದೆಯೇ, ಯಾರು ನೋಡಿದ್ದಾರೆ, ನಿಮಗೆ ಏನಾಗಬೇಕು, ನಿಮ್ಮ ಹೆಸರು ಗುಟ್ಟಾಗಿರಬೇಕೇ. ಕವನೆಂಟ್‌ನ ಎರಡನೆಯ ಆವೃತ್ತಿಯಲ್ಲಿ ತಿದ್ದುವಿಕೆ, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ ಎಂಬ ನಾಲ್ಕು ಹಂತಗಳಿವೆ. ಯಾವುದನ್ನು ಬಯಸುತ್ತೀರಿ ಎಂದು ಹೇಳಿದರೆ ಸಮಿತಿಗೂ ಕೆಲಸ ಸುಲಭ. 2.1ನೇ ಆವೃತ್ತಿಯ ಪಟ್ಟಿಯಲ್ಲಿ ಜಾತಿಯೂ ಸೇರಿದೆ. ಹೆಣ್ಣು ಎಂಬ ಕಾರಣಕ್ಕೆ ಆಡುವ ಮಾತಿನ ಜತೆ ಜಾತಿಯನ್ನು ಎತ್ತಿ ಆಡುವ ಮಾತೂ ಸೇರಿಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ, ಎರಡನ್ನೂ ಬರೆಯಿರಿ.

ಕರ್ನಲ್‌ನಂಥ ಗಟ್ಟಿ ಕೋಟೆಯಲ್ಲೂ ಬದಲಾವಣೆ ಬಂದಿದೆ. 2018ರ ಸೆಪ್ಟೆಂಬರ್‌ನಲ್ಲಿ ಕರ್ನಲ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ವರ್ತನೆಗೆ ಸಾರ್ವಜನಿಕವಾಗಿ ಕ್ಷಮೆ ಕೇಳಿದರು, ಅದೇ ಹೊತ್ತಿಗೆ ಕರ್ನಲ್ ಈ ಕವನೆಂಟ್ ಆಧಾರಿತ ನಿಯಮಾವಳಿಯನ್ನು ಒಪ್ಪಿಕೊಂಡಿತು. ಆದರೆ ಸಮಿತಿಗೆ ಬಲವಿದೆಯೇ ಎಂಬುದು ಬೇರೆ ಪ್ರಶ್ನೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಡರೇಶನ್ ತಂಡ (ನಡವಳಿಕೆಯ ನಿಯಮ ಜಾರಿ ಮಾಡುವ ತಂಡ) 2021ರ ನವೆಂಬರ್‌ನಲ್ಲಿ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಯೋಜನೆ ನಡೆಸುವ ಕೋರ್ ತಂಡ ಯಾರಿಗೂ ಉತ್ತರದಾಯಿಯಲ್ಲ, ಅವರ ಮೇಲೆ ನಿಯಮ ಜಾರಿ ಮಾಡಲಾಗುತ್ತಿಲ್ಲ ಎಂಬುದು ಅವರ ಆರೋಪ. ಅದರ ಫಲವಾಗಿ ಆಡಳಿತ ಪದ್ಧತಿಯೇ ಬದಲಾಗಿ 2023ರಲ್ಲಿ ಲೀಡರ್‌ಶಿಪ್ ಕೌನ್ಸಿಲ್ ಬಂತು.

ಕಂಪನಿಯ ಕೆಲಸದ ಭಾಗವಾಗಿ ನೀವು ಕೊಡುಗೆ ಕೊಡುತ್ತಿದ್ದು, ಮಾತು ಲೈಂಗಿಕ ಸ್ವರೂಪದ್ದಾಗಿದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆಯಡಿ ಕಂಪನಿಯ ಆಂತರಿಕ ಸಮಿತಿಗೂ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು. ಬೆನ್ನುಹತ್ತಿ ಸಂದೇಶ ಕಳಿಸುತ್ತಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಅಪರಾಧ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ.

ತಂತ್ರಾಂಶದಲ್ಲಿ ರಾಜಕೀಯ ಯಾಕೆ ತರುತ್ತೀರಿ? ಹೆಣ್ಣು, ಗಂಡು, ಗುಂಪು ಎಂದು ಒಡೆಯುವುದರಿಂದ ಯೋಜನೆ ಹಾಳಾಗುವುದಿಲ್ಲವೇ?
— ನಿವೃತ್ತ ಇಂಜಿನಿಯರ್, ಬೆಳಗಾವಿ

ಯಾರು ತೀರ್ಮಾನಿಸುತ್ತಾರೆ, ಯಾರ ಹಣದಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ ಇರುವಲ್ಲೆಲ್ಲ ರಾಜಕೀಯ ಇದ್ದೇ ಇದೆ. ಅದು ಹೆಂಗಸರು ಬಂದ ಮೇಲೆ ಬಂದದ್ದಲ್ಲ. ಡೆಬಿಯನ್‌ಗೆ 1998ರಿಂದ ಸಂವಿಧಾನವೇ ಇದೆ, ಪ್ರತಿ ವರ್ಷ ನಾಯಕರ ಚುನಾವಣೆ ನಡೆಯುತ್ತದೆ.

ತೀರ್ಮಾನಿಸುವವರು ಒಂದೇ ಬಗೆಯವರಾದರೆ ತಂತ್ರಾಂಶದಲ್ಲೇ ಏನು ಬಿಟ್ಟುಹೋಗುತ್ತದೆ ಎನ್ನಲು ಓಪನ್‌ಸ್ಟ್ರೀಟ್‌ಮ್ಯಾಪ್ ಸಾಕ್ಷಿ. ಎಲ್ಲರೂ ಸೇರಿ ಮಾಡುವ ಈ ಭೂಪಟದಲ್ಲಿ ಯಾವ ಜಾಗಕ್ಕೆ ಯಾವ ಗುರುತು ಎಂಬುದನ್ನು ಸದಸ್ಯರ ಮತದಿಂದ ನಿರ್ಧರಿಸುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಿಗೆ ಚೈಲ್ಡ್‌ಕೇರ್ ಎಂಬ ಗುರುತು ಬೇಕೆಂಬ ಪ್ರಸ್ತಾವ 2011ರಲ್ಲಿ ಮತಕ್ಕೆ ಬಿದ್ದು ಸೋತಿತು. ಶಿಶುವಿಹಾರದ ಗುರುತೇ ಸಾಕು ಎಂಬ ವಾದ ನಡೆಯಿತು. ಬಾರ್, ನೈಟ್‌ಕ್ಲಬ್‌ಗಳಿಗೆ ಬೇರೆ ಬೇರೆ ಗುರುತುಗಳಿದ್ದವು. ಕೂಲಿಗೆ ಹೋಗುವ ಮುನ್ನ ಮಗುವನ್ನು ಎಲ್ಲಿ ಬಿಡಬೇಕೆಂದು ಹುಡುಕುವ ತಾಯಿಗೆ ಶಿಶುವಿಹಾರವೂ ಪಾಲನಾ ಕೇಂದ್ರವೂ ಒಂದೇ ಅಲ್ಲವೆಂದು ಗೊತ್ತು. ಮತ ಹಾಕುವ ಜಾಗದಲ್ಲಿ ಅವಳಂಥವರು ಇರಲಿಲ್ಲ. ಆ ಗುರುತು ಈಗ ಬಳಕೆಯಲ್ಲಿದೆ. 2016ರಲ್ಲಿ ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ ಜಿಯೋಚಿಕಾಸ್ ಎಂಬ ಮಹಿಳೆಯರ ಗುಂಪು, ಊರುಗಳಲ್ಲಿ ಮಹಿಳೆಯರ ಹೆಸರಿರುವ ರಸ್ತೆಗಳೆಷ್ಟು ಎಂಬುದನ್ನೂ ಇದೇ ಭೂಪಟದ ಮೇಲೆ ಬಿಡಿಸಿಟ್ಟಿತು.

ಹಣದ ಕಡೆ ನೋಡಿ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ 15 ಲಕ್ಷ ಡಾಲರ್ ಅನುದಾನ ಸಿಗುವುದರಲ್ಲಿತ್ತು. ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕಾರ್ಯಕ್ರಮಗಳನ್ನು ನಡೆಸುವುದಿಲ್ಲವೆಂದು ಒಪ್ಪಿಕೊಳ್ಳಬೇಕೆಂಬ ಷರತ್ತು ಇದ್ದುದರಿಂದ 2025ರ ಅಕ್ಟೋಬರ್‌ನಲ್ಲಿ ಅದು ಪ್ರಸ್ತಾವವನ್ನೇ ಹಿಂದಕ್ಕೆ ಪಡೆಯಿತು. ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್‌ನಲ್ಲಿ ನಡೆಯುವ ಸಂಸ್ಥೆಗೆ ಅದು ಸಣ್ಣ ಮೊತ್ತವಲ್ಲ. ಆ ತೀರ್ಮಾನವನ್ನು ನಾವು ಗೌರವಿಸುತ್ತೇವೆ. ಇನ್ನೊಂದು ಕಡೆ, 2011ರಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ್ದ ವಿಮೆನ್ ಹೂ ಕೋಡ್ 2024ರ ಏಪ್ರಿಲ್‌ನಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ದಾನಿಗಳು ಹಿಂದೆ ಸರಿದರೆ ಮುಚ್ಚಿಹೋಗುವ ಗುಂಪಿಗಿಂತ, ಯೋಜನೆಯ ಒಳಗೇ ಮತದ ಹಕ್ಕು ಪಡೆದ ಗುಂಪು ಹೆಚ್ಚು ಬಾಳುತ್ತದೆ.

ಒಡಕಿನ ಭಯದ ಬಗ್ಗೆ: ಮುಕ್ತ ತಂತ್ರಾಂಶ ಚಳವಳಿ ಶುರುಮಾಡಿದ, ತಮ್ಮ ಮಾತುಗಳಿಗೆ ಟೀಕೆ ಬಂದು ಹೊರಹೋಗಿದ್ದ ರಿಚರ್ಡ್ ಸ್ಟಾಲ್ಮನ್ 2021ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಮಂಡಳಿಗೆ ಮರಳಿದಾಗ ಎಲ್ಲೆಡೆ ದೊಡ್ಡ ಜಗಳವೆದ್ದಿತು. ಡೆಬಿಯನ್ ಅದನ್ನು ಹಲವು ಆಯ್ಕೆಗಳ ಮತದಾನಕ್ಕೆ ಹಾಕಿತು. ಯೋಜನೆಯಾಗಿ ಯಾವ ಹೇಳಿಕೆಯನ್ನೂ ಕೊಡಬಾರದು ಎಂಬ ಆಯ್ಕೆ ಗೆದ್ದಿತು. ಫಲಿತಾಂಶ ಎಲ್ಲರಿಗೂ ಹಿಡಿಸಿರಲಿಕ್ಕಿಲ್ಲ, ಯೋಜನೆ ಒಡೆಯಲಿಲ್ಲ. ಮತ ಹಾಕುವ ಪದ್ಧತಿಯೇ ಇಲ್ಲದ ಯೋಜನೆಗಳಿಗೆ ಆ ಅನುಕೂಲ ಇಲ್ಲ.

ನಾಲ್ಕು ವರ್ಷದಿಂದ ಒಂದು ಯೋಜನೆಗೆ ಪ್ಯಾಚ್ ಕಳಿಸುತ್ತಿದ್ದೇನೆ. ನನಗಿಂತ ಆಮೇಲೆ ಬಂದವರಿಗೆ ಕಮಿಟ್ ಹಕ್ಕು (ಯೋಜನೆಗೆ ನೇರವಾಗಿ ಕೋಡ್ ಸೇರಿಸುವ ಹಕ್ಕು) ಸಿಕ್ಕಿತು. ಕೇಳುವುದು ಹೇಗೆ, ಕೇಳಿದರೆ ತಪ್ಪಾಗುತ್ತದೆಯೇ?
— ತುಮಕೂರು

ತಪ್ಪಿಲ್ಲ, ಕೇಳಿ. ಎಷ್ಟೋ ಯೋಜನೆಗಳಲ್ಲಿ ಹಕ್ಕು ಸಿಗುವುದು ಕೇಳಿದವರಿಗೆ. ಮೊದಲು ಗವರ್ನೆನ್ಸ್ ಅಥವಾ ಮೇಂಟೇನರ್ಸ್ ಎಂಬ ಫೈಲ್ ಹುಡುಕಿ, ನಿಯಮವೇನಿದೆ ನೋಡಿ. ಇಲ್ಲದಿದ್ದರೆ 'ಕಮಿಟ್ ಹಕ್ಕು ಹೇಗೆ ಸಿಗುತ್ತದೆ, ದಯವಿಟ್ಟು ಬರೆದಿಡಿ' ಎಂದು ಒಂದು ಇಶ್ಯೂ ತೆರೆಯಿರಿ. ಅದರಿಂದ ನಿಮ್ಮ ಹಿಂದೆ ಬರುವವರಿಗೂ ದಾರಿಯಾಗುತ್ತದೆ.

ನಂತರ ಎರಡು ತಿಂಗಳು ಬೇರೆಯವರ ಪ್ಯಾಚ್‌ಗಳನ್ನು ರಿವ್ಯೂ ಮಾಡಿ. ಸ್ವಂತ ಪ್ಯಾಚ್ ಎಷ್ಟಿದ್ದರೂ, ಮರ್ಜ್ ಹಕ್ಕು ಕೊಡುವವರು ಹುಡುಕುವುದು ಇನ್ನೊಬ್ಬರ ಕೋಡ್ ತೂಗಬಲ್ಲವರನ್ನು. ಆಮೇಲೆ ನಿಮ್ಮ ಕೆಲಸವನ್ನು ಹೆಚ್ಚಾಗಿ ರಿವ್ಯೂ ಮಾಡಿದ ಮೇಂಟೇನರ್‌ಗೆ ಬರೆಯಿರಿ. ಯಾವ ಭಾಗದಲ್ಲಿ ಕೆಲಸ ಮಾಡಿದ್ದೀರಿ, ಮರ್ಜ್ ಆದ ಪ್ಯಾಚ್‌ಗಳ ಕೊಂಡಿ, ಮಾಡಿದ ರಿವ್ಯೂಗಳ ಕೊಂಡಿ, ಬಿಡಿಸಿದ ದೊಡ್ಡ ದೋಷ ಯಾವುದು, ವಾರಕ್ಕೆ ಎಷ್ಟು ಸಮಯ ಕೊಡಬಲ್ಲಿರಿ, ಇಷ್ಟು ಒಂದು ಪುಟದಲ್ಲಿ. 'ಸಾಧ್ಯವಾದರೆ', 'ನಾನು ಅರ್ಹಳೋ ಗೊತ್ತಿಲ್ಲ' ಎಂಬ ಮಾತುಗಳನ್ನು ಬರೆಯಬೇಡಿ. ಇಡೀ ಯೋಜನೆಯ ಬದಲು ನೀವು ಬಲ್ಲ ಒಂದು ಭಾಗಕ್ಕೆ ಮಾತ್ರ ಹಕ್ಕು ಕೇಳಿದರೆ ಒಪ್ಪುವುದು ಸುಲಭ.

ಡೆಬಿಯನ್‌ನಂಥ ಕಡೆ ದಾರಿ ಮೊದಲೇ ಬರೆದಿಟ್ಟಿದೆ: ಈಗಿನ ಸದಸ್ಯರೊಬ್ಬರ ಶಿಫಾರಸು, ನಿಮ್ಮ ಜಿಪಿಜಿ ಕೀಗೆ (ಗುರುತು ಸಾಬೀತುಪಡಿಸುವ ಡಿಜಿಟಲ್ ಕೀಗೆ) ಸದಸ್ಯರ ಸಹಿ, ಮೊದಲು ಡೆಬಿಯನ್ ಮೇಂಟೇನರ್, ಆಮೇಲೆ ಡೆವಲಪರ್. ಕೀ ಸಹಿಗೆ ಮುಖಾಮುಖಿ ಭೇಟಿ ಬೇಕಾಗುವುದರಿಂದ ಸಣ್ಣ ಊರಿನವರಿಗೆ ಇದೇ ದೊಡ್ಡ ತೊಡಕು. ಹತ್ತಿರದ ಮಿನಿ ಡೆಬ್‌ಕಾನ್‌ಗೆ (ಡೆಬಿಯನ್‌ನ ಸಣ್ಣ ಸಮ್ಮೇಳನಕ್ಕೆ) ಗುರುತಿನ ಚೀಟಿ ಮತ್ತು ಕೀಯ ಫಿಂಗರ್‌ಪ್ರಿಂಟ್ (ಅದರ ಗುರುತಿನ ಸಂಖ್ಯೆ) ಮುದ್ರಿಸಿದ ಚೀಟಿಗಳೊಂದಿಗೆ ಹೋಗಿ. 2023ರ ಡೆಬ್‌ಕಾನ್ ಕೊಚ್ಚಿಯಲ್ಲೇ ನಡೆದಿತ್ತು. ಕೇರಳದ ಶ್ರುತಿ ಚಂದ್ರನ್ 2020ರಿಂದ ಹಲವು ಸಲ ಡೆಬಿಯನ್ ನಾಯಕತ್ವಕ್ಕೆ ಸ್ಪರ್ಧಿಸಿದ್ದಾರೆ. ಅವರ ಚುನಾವಣಾ ಪ್ರಣಾಳಿಕೆಗಳು ಸಾರ್ವಜನಿಕವಾಗಿವೆ, ಓದಿ.

ಪತ್ರಕ್ಕೆ ಮೂರು ವಾರ ಉತ್ತರ ಬರದಿದ್ದರೆ ಅದೇ ಪತ್ರವನ್ನು ಎಲ್ಲ ಮೇಂಟೇನರ್‌ಗಳಿಗೂ ಒಟ್ಟಿಗೆ ಕಳಿಸಿ. ಇಲ್ಲ ಎಂದರೆ ಯಾವ ಕೊರತೆ, ಯಾವಾಗ ಮತ್ತೆ ಕೇಳಬಹುದು ಎಂದು ಬರಹದಲ್ಲಿ ಪಡೆಯಿರಿ. ಆ ದಿನಾಂಕಕ್ಕೆ ಮತ್ತೆ ಕೇಳಿ. ಎರಡನೆಯ ಸಲವೂ ಕಾರಣ ಕೊಡದೆ ತಳ್ಳಿದರೆ, ನಿಮ್ಮ ನಾಲ್ಕು ವರ್ಷದ ಕೆಲಸದ ಅದೇ ಒಂದು ಪುಟವನ್ನು ಹಿಡಿದು ನಿಯಮ ಬರೆದಿಟ್ಟಿರುವ ಬೇರೆ ಯೋಜನೆಗೆ ಹೋಗಬಹುದು. ಗಿಟ್ ಇತಿಹಾಸದಲ್ಲಿ ಆ ಕೆಲಸ ನಿಮ್ಮ ಹೆಸರಿನಲ್ಲೇ ಇರುತ್ತದೆ.